ಏರ್ ಫಿಲ್ಟರ್ ಸರಿಯಾಗಿ ಕೂತಿದೆಯಾ? ಚೂರು ಗ್ರೀಸ್ ಹಚ್ಚಿ ನೋಡಿ

ಏರ್ ಫಿಲ್ಟರ್‌ನಿಂದ ಇಂಜಿನ್ ಕಡೆ ಹೋಗುವ ಪೈಪಿನ ಒಳಗೋಡೆಗೆ ಬಿಳಿ ಗ್ರೀಸನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ. ಒಂದೆರಡು ದಿನ ಧೂಳಿನ ದಾರಿಯಲ್ಲಿ ಓಡಿಸಿದ ಮೇಲೆ ಪೈಪ್ ಬಿಚ್ಚಿ, ಆ ಗ್ರೀಸನ್ನು ಎರಡು ಬೆರಳ ನಡುವೆ ಉಜ್ಜಿ. ನುಣ್ಣಗಿದ್ದರೆ ಸೀಲ್ ಚೆನ್ನಾಗಿದೆ. ಗರಗರ ಅಂದರೆ ಧೂಳು ಒಳಗೆ ನುಸುಳುತ್ತಿದೆ. ಅದು ಶುದ್ಧ ಗಾಳಿ ಓಡಾಡುವ ಜಾಗ, ಅಲ್ಲಿ ಮಣ್ಣು ಸಿಗಲೇಬಾರದು ಅಲ್ವಾ? ಕಣ್ಣಿಗೆ ಕಾಣದ ಕಣವನ್ನೂ ಗ್ರೀಸ್ ಹಿಡಿದಿಟ್ಟುಕೊಳ್ಳುತ್ತದೆ. ಶಹಾಬಾದ್ ಕಡೆ ಕಲ್ಲುಗಣಿ ರಸ್ತೆಯಲ್ಲಿ, ಬೇಸಿಗೆಯ ಎರೆಹೊಲದ ದಾರಿಯಲ್ಲಿ ಜೀಪ್ ಓಡಿಸುವವರು ಇದನ್ನು ಖಂಡಿತ ಮಾಡಿ. ಸುಮ್ನೆ ಹೊಸ ಫಿಲ್ಟರ್ ಹಾಕುತ್ತಾ ಹೋದರೆ ದುಡ್ಡು ಹೋಗುತ್ತದೆ, ಧೂಳು ನಿಲ್ಲುವುದಿಲ್ಲ. ಎಷ್ಟೋ ಸಲ ತೊಂದರೆ ಇರುವುದು ಮಡಚಿಕೊಂಡ ರಬ್ಬರ್ ಅಂಚಿನಲ್ಲಿ, ಸಡಿಲವಾದ ಕ್ಲಿಪ್‌ನಲ್ಲಿ, ಪೈಪಿನ ಮಡಿಕೆಯ ಸಣ್ಣ ಬಿರುಕಿನಲ್ಲಿ. ಅದನ್ನು ಹಾಗೇ ಬಿಟ್ಟರೆ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಎರಡೂ ಸವೆಯುತ್ತವೆ. ಆಮೇಲಿನ ಖರ್ಚು ನಿಮಗೇ ಗೊತ್ತು. ಗ್ರೀಸ್ ಹಚ್ಚಿದ ಜಾಗದಿಂದ ಮುಂದೆ ಲೀಕ್ ಇದ್ದರೆ ಈ ಉಪಾಯಕ್ಕೆ ಸಿಗುವುದಿಲ್ಲ. ಹಾಗಾಗಿ ಟರ್ಬೊಗೆ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಸ್ವಲ್ಪ ಮೊದಲು ಇನ್ನೊಂದು ಕಡೆ ಸವರಿ. ಇಂಜಿನ್ ಒಳಗಿನ ಹಬೆಯನ್ನು ಹೊರತರುವ ಬ್ರೀದರ್ ಪೈಪ್ ಬಂದು ಸೇರುವಲ್ಲಿ ಆಯಿಲ್ ಹಬೆಗೆ ಗ್ರೀಸ್ ಕರಗಿ ಕಪ್ಪಾಗುತ್ತದೆ, ಅಲ್ಲಿ ಹಚ್ಚಬೇಡಿ. ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಅದನ್ನು ದಾಟಿದ ಮೇಲೆಯೇ ಹಚ್ಚಿ, ಸೆನ್ಸರ್‌ಗೆ ಗ್ರೀಸ್ ತಾಗಬಾರದು. ದಪ್ಪ ಮೆತ್ತಬೇಡಿ. ನೋಡಿದ ಮೇಲೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿ.