ಮನೆ ಎಲ್ಲಿದೆ, ಗಳಿಕೆ ಎಂಥದು: ಹದಿಹರೆಯದವರ ಲೈಂಗಿಕ ಆರೋಗ್ಯದ ಅಪಾಯವನ್ನು ಗುರುತಿಸುವ ಬಗೆ

ಹದಿಹರೆಯದವರ ಆರೋಗ್ಯ ವಿಚಾರಿಸಲು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಮತ್ತು ಶಿಕ್ಷಕರು ಬಿಪಿಎಲ್ ಕಾರ್ಡಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಒಳಿತು. ವರ್ಷಕ್ಕೆ 1.2 ಲಕ್ಷ ರೂಪಾಯಿಯ ಮಿತಿ ಇಡೀ ಕುಟುಂಬಕ್ಕೆ ಸೇರಿದ್ದು. ಹದಿನೈದರ ಹುಡುಗಿ ತನ್ನ ಔಷಧಿಗೆ ಯಾರ ಮುಂದೆ ಕೈಚಾಚಬೇಕು ಎಂಬುದನ್ನು ಆ ಕಾರ್ಡು ಹೇಳುವುದಿಲ್ಲ.

ಮೊದಲು ಮನೆಯನ್ನು ನೋಡಿರಿ. ಹುಬ್ಬಳ್ಳಿಯಲ್ಲಿ ಹಲವು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಓಣಿಯ ಒಂದೇ ಕೋಣೆಯ ಮನೆಯಲ್ಲಿ, ತಂದೆ ಮತ್ತು ಅಣ್ಣಂದಿರ ಕಣ್ಣಿಗೆ ಬೀಳಬಾರದೆಂದು ಮುಟ್ಟಿನ ಬಟ್ಟೆಯನ್ನು ಹಳೆಯ ಸೀರೆಯ ಕೆಳಗೆ ಒಣಹಾಕಿರುತ್ತಾರೆ. ಅರೆಬರೆ ತೊಳೆದು ಬಿಸಿಲು ಕಾಣದ ಆ ಬಟ್ಟೆ ತುರಿಕೆಗೂ ಸೋಂಕಿಗೂ ದಾರಿಯಾಗಬಹುದು. ಅಲ್ಲಿ ಆಸ್ಪತ್ರೆ ಹತ್ತಿರವಿದ್ದರೂ ಏಕಾಂತವಿಲ್ಲ. ರೋಣ ಅಥವಾ ಹಿರೇಕೆರೂರು ಕಡೆಯ ಹಳ್ಳಿಯಲ್ಲಿ ಹಿತ್ತಲಿದೆ, ಬಿಸಿಲಿದೆ. ಆದರೆ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನಲ್ಲಿ ಊರಿನವರೇ ಇರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಉಚಿತವಾಗಿದೆ, ಹುಡುಗರಿಗಿಲ್ಲ. ಹುಡುಗರನ್ನು ನಾವು ವಿಚಾರಿಸುವುದೂ ಕಡಿಮೆಯೇ.

ಗಳಿಕೆಯ ಮೊತ್ತಕ್ಕಿಂತ ಅದು ಯಾವ ತಿಂಗಳಲ್ಲಿ ನಿಲ್ಲುತ್ತದೆ ಎಂದು ತಿಳಿಯುವುದು ಹೆಚ್ಚು ಉಪಯುಕ್ತ. ಇದಕ್ಕೆ ಶಾಲೆಯ ಹಾಜರಿ ಪುಸ್ತಕವೇ ಸಾಕು. ಪ್ರತಿ ವರ್ಷ ಅದೇ ತಿಂಗಳಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿ ಸಾಲಾಗಿ ಕಂಡರೆ, ಅವಳು ಬ್ಯಾಡಗಿಯ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಾಳೆಯೇ, ಅಥವಾ ತಂದೆತಾಯಿ ಗೋವೆಗೆ ಗುಳೆ ಹೋದ ಮೇಲೆ ಅಜ್ಜಿಯೊಡನೆ ಉಳಿದಿದ್ದಾಳೆಯೇ ಎಂದು ವಿಚಾರಿಸಬೇಕು. ಶಾಲೆ ಬಿಟ್ಟ ಹುಡುಗಿಯ ಮದುವೆಯ ಮಾತು ಬೇಗ ಶುರುವಾಗುತ್ತದೆ, ಅದರ ಹಿಂದೆಯೇ ಎಳೆವಯಸ್ಸಿನ ಬಸಿರು ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹೊಲವಿರುವ ಮನೆಗಳೂ ಇದರಿಂದ ಹೊರತಲ್ಲವಾದ್ದರಿಂದ ಅನುಕೂಲಸ್ಥರೆಂದು ಯಾರನ್ನೂ ಬಿಡಬೇಡಿ.

ಮಾತನಾಡುವಾಗ ಮನೆಯವರಿಂದ ದೂರ ಕುಳಿತು, ‘ಬಿಳಿಸೆರಗು ಹೆಚ್ಚಾದರೆ ಯಾರಿಗೆ ಹೇಳುತ್ತೀಯವ್ವಾ?’ ಎಂಬಂಥ ಪ್ರಶ್ನೆಯಿಂದ ಆರಂಭಿಸಿರಿ. ಗುಟ್ಟು ಕಾಪಾಡುವೆನೆಂದು ಸಾರಾಸಗಟಾಗಿ ಮಾತು ಕೊಡಬೇಡಿ: 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ, ಇದನ್ನು ಮೊದಲೇ ತಿಳಿಸುವುದು ನ್ಯಾಯ. ತುರ್ತಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಉಳಿದ ತೊಂದರೆಗಳಿಗೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇದೆ. 10ರಿಂದ 19 ವರ್ಷದವರಿಗೆ ಅಲ್ಲಿ ಸಲಹೆಯೂ ಚಿಕಿತ್ಸೆಯೂ ದೊರೆಯುತ್ತವೆ. ಚೀಟಿ ಬರೆದು ಕಳಿಸುವ ಮುನ್ನ ಕ್ಲಿನಿಕ್ ತೆರೆಯುವ ದಿನ, ವೇಳೆ ಮತ್ತು ಮರಳುವ ಬಸ್ಸಿನ ಸಮಯವನ್ನು ಕೇಳಿ ತಿಳಿದು ಅದೇ ಚೀಟಿಯ ಹಿಂದೆ ಬರೆದುಕೊಡಿ.