ಶಾಲಾ ಕಟ್ಟಡದಲ್ಲಿ ವಿದ್ಯುತ್ ಉಳಿಸುವುದು ಹೇಗೆ? ಬೀಗ ಹಾಕಿದ ಮೇಲಿನ ಮೀಟರಿನಿಂದ ಆರಂಭಿಸಿ

ಶಾಲೆಯ ವಿದ್ಯುತ್ ಬಿಲ್ಲು ಇಳಿಸುವ ಮಾತು ಬಂದೊಡನೆ ಸಾಮಾನ್ಯವಾಗಿ ಮೊದಲು ಪ್ರಸ್ತಾಪವಾಗುವುದು ಛಾವಣಿಯ ಮೇಲಿನ ಸೌರಫಲಕ. ಕಟ್ಟಡದೊಳಗಿನ ಪೋಲನ್ನು ಹಾಗೆಯೇ ಬಿಟ್ಟು ಫಲಕ ಹಾಕಿಸಿದರೆ, ಪೋಲಾಗುವ ವಿದ್ಯುತ್ತನ್ನು ಬೇರೊಂದು ಕಡೆಯಿಂದ ತಂದು ಸುರಿದಂತಾಗುತ್ತದೆ, ಅಷ್ಟೆ. ಆದ್ದರಿಂದ ಬೇಡಿಕೆಯನ್ನು ತಗ್ಗಿಸುವ ಕೆಲಸ ಮೊದಲಾಗಬೇಕು. ಅದಕ್ಕೂ ಮುಂಚೆ ಅಳೆಯುವ ಕೆಲಸ ಆಗಬೇಕು.

ಮೊದಲ ಹಂತ: ಖಾಲಿ ಕಟ್ಟಡವನ್ನು ಅಳೆಯಿರಿ

ವರ್ಷಕ್ಕೆ 200 ದಿನ, ದಿನಕ್ಕೆ 8 ಗಂಟೆ ಶಾಲೆ ನಡೆಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 1,600 ಗಂಟೆಗಳಾಗುತ್ತವೆ. ವರ್ಷದಲ್ಲಿರುವುದು 8,760 ಗಂಟೆ. ಅಂದರೆ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಸಮಯ ಕಟ್ಟಡದಲ್ಲಿ ಮಕ್ಕಳೇ ಇರುವುದಿಲ್ಲ. ಆ ಅವಧಿಯಲ್ಲಿ ಮೀಟರ್ ಎಷ್ಟು ಓಡುತ್ತದೆ ಎಂಬುದನ್ನು ಸಾಮಾನ್ಯ ಬಿಲ್ಲು ಪ್ರತ್ಯೇಕವಾಗಿ ತೋರಿಸುವುದಿಲ್ಲ.

ಇದನ್ನು ತಿಳಿಯಲು ಉಪಕರಣವೇನೂ ಬೇಡ. ವಾರದ ರಜೆಗೆ ಮುನ್ನ, ಕೊನೆಯವರು ಬೀಗ ಹಾಕುವಾಗ ಮೀಟರಿನ ಅಂಕಿಯನ್ನೂ ಸಮಯವನ್ನೂ ಬರೆದಿಟ್ಟುಕೊಂಡು, ರಜೆ ಮುಗಿದು ಬಾಗಿಲು ತೆರೆಯುವ ಮುನ್ನ ಮತ್ತೊಮ್ಮೆ ನೋಡಬೇಕು. ನಡುವಿನ 60 ಗಂಟೆಗಳಲ್ಲಿ 30 ಯೂನಿಟ್ ಖರ್ಚಾಗಿದ್ದರೆ, ಯಾರೂ ಇಲ್ಲದ ಕಟ್ಟಡ ಸತತವಾಗಿ 500 ವ್ಯಾಟ್ ಬಳಸುತ್ತಿದೆ ಎಂದರ್ಥ. ಶಾಲೆ ನಡೆಯದ ಒಟ್ಟು ಅವಧಿಗೆ ಇದನ್ನು ಹರಡಿದರೆ ವರ್ಷಕ್ಕೆ 3,500 ಯೂನಿಟ್ ದಾಟುತ್ತದೆ. ಕುಡಿಯುವ ನೀರಿನ ಕೂಲರ್, ಕಂಪ್ಯೂಟರ್ ಕೊಠಡಿಯ ಯುಪಿಎಸ್, ಸ್ಟ್ಯಾಂಡ್‌ಬೈನಲ್ಲಿ ಉಳಿದ ಪ್ರೊಜೆಕ್ಟರ್, ಹಗಲಲ್ಲೂ ಉರಿಯುವ ಹೊರದೀಪ, ಇವು ಸಾಮಾನ್ಯವಾಗಿ ಸಿಕ್ಕಿಬೀಳುವ ಆರೋಪಿಗಳು. ವಿತರಣಾ ಫಲಕದ ಎಂಸಿಬಿಗಳನ್ನು (ಪ್ರತಿ ಮಾರ್ಗದ ವಿದ್ಯುತ್ ಕಡಿಯುವ ಸುರಕ್ಷತಾ ಸ್ವಿಚ್‌ಗಳನ್ನು) ವಿದ್ಯುತ್ ತಂತ್ರಜ್ಞರ ಸಮ್ಮುಖದಲ್ಲಿ ಒಂದೊಂದಾಗಿ ಇಳಿಸುತ್ತ ಮೀಟರಿನ ಮಿನುಗು ದೀಪದ ವೇಗ ಯಾವಾಗ ತಗ್ಗುತ್ತದೆಂದು ಗಮನಿಸಿದರೆ, ಹೊರೆ ಯಾವ ಮಾರ್ಗದಲ್ಲಿದೆ ಎಂಬುದು ಗೊತ್ತಾಗುತ್ತದೆ.

ಕೂಲರಿಗೆ ಟೈಮರ್, ಹೊರದೀಪಗಳಿಗೆ ಬೆಳಕಿನ ಸಂವೇದಕ, ಕಂಪ್ಯೂಟರ್ ಕೊಠಡಿಗೆ ಬಾಗಿಲ ಬಳಿಯೇ ಒಂದು ಮುಖ್ಯ ಸ್ವಿಚ್ ಅಳವಡಿಸಿದರೆ ಬಹುಪಾಲು ಸೋರಿಕೆ ನಿಲ್ಲುತ್ತದೆ. ಸ್ಕ್ರೀನ್ ಸೇವರ್ ಹಾಕಿದರೆ ವಿದ್ಯುತ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. ಅದು ಉಳಿಸುವುದಿಲ್ಲ, ಬಳಸದಿದ್ದಾಗ ಕಂಪ್ಯೂಟರನ್ನು ಮಲಗಿಸುವ ಸ್ಲೀಪ್ ವ್ಯವಸ್ಥೆ ಉಳಿಸುತ್ತದೆ.

ಎರಡನೆಯ ಹಂತ: ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ

ಕುಳಿತಿರುವ ಒಬ್ಬ ವಯಸ್ಕ ಸುಮಾರು 100 ವ್ಯಾಟಿನಷ್ಟು ಶಾಖವನ್ನು ಹೊರಸೂಸುತ್ತಾನೆ. ಮಕ್ಕಳದ್ದು ಅದಕ್ಕಿಂತ ಕಡಿಮೆಯಾದರೂ ತುಂಬಿದ ತರಗತಿ ತಾನಾಗಿಯೇ ಬಿಸಿಯಾಗುವ ಕೋಣೆ ಎಂಬುದನ್ನು ಮರೆಯಬಾರದು. ಅದರ ಮೇಲೆ ಬಿಸಿಲೂ ಸೇರಿದರೆ ಫ್ಯಾನು, ಎ.ಸಿ.ಗಳ ಹೊರೆ ಏರುತ್ತದೆ. ಒಳಗಿನ ಪರದೆಯಿಂದ ಸಿಗುವ ಲಾಭ ಕಡಿಮೆ, ಏಕೆಂದರೆ ಶಾಖ ಅಷ್ಟರಲ್ಲಾಗಲೇ ಗಾಜು ದಾಟಿ ಒಳಬಂದಿರುತ್ತದೆ. ಉತ್ತರ ಗೋಳಾರ್ಧದ ಊರುಗಳಲ್ಲಿ ದಕ್ಷಿಣದ ಕಿಟಕಿಗೆ ಅಡ್ಡ ಸಜ್ಜೆ ಸಾಕಾಗುತ್ತದೆ. ಪೂರ್ವ ಮತ್ತು ಪಶ್ಚಿಮದಲ್ಲಿ ಬಿಸಿಲು ತಗ್ಗಿನ ಕೋನದಲ್ಲಿ ಓರೆಯಾಗಿ ಬರುವುದರಿಂದ ಲಂಬವಾದ ಹಲಗೆಗಳು ಅಥವಾ ಮರಗಳೇ ಬೇಕು. ಬಿಸಿ ಹವೆಯ ಪ್ರದೇಶಗಳಲ್ಲಿ ಮೇಲಂತಸ್ತಿನ ತರಗತಿಗಳಿಗೆ ಛಾವಣಿಯ ಬಿಳಿ ಪ್ರತಿಫಲಕ ಲೇಪನ ಅಗ್ಗದಲ್ಲೇ ಆಗುವ ಕೆಲಸ. ಧೂಳು ಕೂತರೆ ಅದರ ಗುಣ ಕುಂದುವುದರಿಂದ ವರ್ಷಕ್ಕೊಮ್ಮೆಯಾದರೂ ತೊಳೆಯಬೇಕು. ಚಳಿ ಪ್ರದೇಶಗಳಲ್ಲಾದರೆ ಛಾವಣಿಯ ಶಾಖನಿರೋಧಕ ಪದರ ಮತ್ತು ಕಿಟಕಿ ಚೌಕಟ್ಟಿನ ಸಂದುಗಳಿಗೆ ಆದ್ಯತೆ.

ಉಳಿತಾಯದ ಹೆಸರಿನಲ್ಲಿ ಕೋಣೆಯನ್ನು ಬಿಗಿಯಾಗಿ ಮುಚ್ಚಿಡುವುದು ಮಾತ್ರ ತಪ್ಪು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ) ಇರುತ್ತದೆ. ಮುಚ್ಚಿದ ತರಗತಿಯಲ್ಲಿ ಅದು ಒಂದೇ ಅವಧಿಯೊಳಗೆ 1,000 ದಾಟಿಬಿಡಬಹುದು. ಆ ಮಟ್ಟದ ಬಳಿಕ ಗಾಳಿ ಸಾಲದೆಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಮೂರನೆಯ ಹಂತ: ದೀಪ ಬದಲಿಸುವ ಮುನ್ನ ಸ್ವಿಚ್ ನೋಡಿ

ಅನೇಕ ತರಗತಿಗಳಲ್ಲಿ ಒಂದು ಸ್ವಿಚ್ ಒತ್ತಿದರೆ ಕಿಟಕಿಯ ಪಕ್ಕದ ದೀಪವೂ ಒಳಗೋಡೆಯ ಪಕ್ಕದ ದೀಪವೂ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಒಳಗಿನ ಬೆಂಚುಗಳಿಗೆ ಬೆಳಕು ಸಾಲದಿದ್ದಾಗ ಬಿಸಿಲು ಬಿದ್ದ ಬೆಂಚಿನ ಮೇಲೂ ದೀಪ ಉರಿಯುವುದು ಇದರಿಂದಲೇ. ಕಿಟಕಿಗೆ ಸಮಾನಾಂತರವಾಗಿ ಸಾಲುಗಳನ್ನು ವಿಂಗಡಿಸಿ, ಪ್ರತಿ ಸಾಲಿಗೆ ಬೇರೆ ಸ್ವಿಚ್ ಕೊಡಿಸಿದರೆ ದಿನದ ಬಹುಭಾಗ ಹೊರಸಾಲು ಆರಿಯೇ ಇರುತ್ತದೆ. ಬೆಂಚಿನ ಮಟ್ಟದಲ್ಲಿ 300ರಿಂದ 500 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕು ಇರಬೇಕೆಂಬುದು ರೂಢಿಯ ಅಳತೆ. ಲಕ್ಸ್ ಮಾಪಕ ಹಿಡಿದು ಇದನ್ನು ಅಳೆಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು.

ಇನ್ನು ಉಪಕರಣಗಳ ಲೆಕ್ಕ. ಚೋಕ್ ಸೇರಿ ಸುಮಾರು 45 ವ್ಯಾಟ್ ಬಳಸುವ ಹಳೆಯ ಟ್ಯೂಬ್‌ಲೈಟಿನ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಬಂದರೆ, 1,600 ಗಂಟೆಗಳಲ್ಲಿ 40 ಯೂನಿಟ್ ಉಳಿಯುತ್ತದೆ. 75 ವ್ಯಾಟಿನ ಫ್ಯಾನಿನ ಬದಲಿಗೆ ಬ್ರಷ್ ಇಲ್ಲದ ಮೋಟಾರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಅಷ್ಟೇ ಗಂಟೆಗಳಲ್ಲಿ ಉಳಿಯುವುದು 72 ಯೂನಿಟ್. ಹಾಗಾಗಿ ವರ್ಷದ ಹೆಚ್ಚಿನ ತಿಂಗಳು ಸೆಕೆ ಇರುವೆಡೆ ಫ್ಯಾನಿಗೇ ಮೊದಲ ಹಣ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕೈದು ಸಲ ತೆರೆಯುವ ಸಭಾಂಗಣದ ದೀಪಗಳನ್ನು, ನೋಡಲು ಚೆನ್ನಾಗಿರುತ್ತದೆಂದು, ಎಲ್ಲಕ್ಕಿಂತ ಮೊದಲು ಬದಲಿಸುವುದರಲ್ಲಿ ಅರ್ಥವಿಲ್ಲ. ಹೆಚ್ಚು ಹೊತ್ತು ಉರಿಯುವ ಮೊಗಸಾಲೆಯ ದೀಪಗಳ ಸರದಿ ಮೊದಲು ಬರಲಿ.

ಎ.ಸಿ. ಅಥವಾ ಹೀಟರ್ ಇದ್ದಲ್ಲಿ ಫಿಲ್ಟರ್ ಶುಚಿಗೊಳಿಸುವುದು, ಕೊನೆಯ ಅವಧಿ ಮುಗಿಯುವ ಅರ್ಧ ಗಂಟೆ ಮುನ್ನವೇ ಆರಿಸುವುದು, ತಾಪಮಾನದ ಗುರಿಯನ್ನು ಒಂದೆರಡು ಡಿಗ್ರಿ ಸಡಿಲಿಸುವುದು ಸಾಕಷ್ಟು ಫಲ ಕೊಡುತ್ತವೆ.

ಮುಂದಿನ ಹಂತ: ಉಳಿತಾಯದಲ್ಲಿ ಪಾಲು

ಸ್ವಿಚ್ ಆರಿಸಬೇಕಾದವರು ಶಿಕ್ಷಕರು ಮತ್ತು ಮಕ್ಕಳು, ಬಿಲ್ಲು ಕಟ್ಟುವವರು ಬೇರೆ ಯಾರೋ. ಈ ಅಂತರವನ್ನು ತುಂಬಲು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1994ರಲ್ಲಿ ಒಂದು ವ್ಯವಸ್ಥೆ ಶುರುವಾಯಿತು. ಶಿಸ್ತಿನ ಬಳಕೆಯಿಂದ ಶಾಲೆ ಉಳಿಸಿದ ಹಣದಲ್ಲಿ ಅರ್ಧ ಶಾಲೆಗೆ, ಇನ್ನರ್ಧ ಬಿಲ್ಲು ಕಟ್ಟುವವರಿಗೆ ಎಂಬ ಈ 'ಫಿಫ್ಟಿ-ಫಿಫ್ಟಿ' ಕ್ರಮವನ್ನು ಮುಂದೆ ಯುರೋಪಿನ ಹಲವು ದೇಶಗಳ ಶಾಲೆಗಳು ಅನುಸರಿಸಿದವು. ಇದನ್ನು ಜಾರಿಗೆ ತರುವ ಮುನ್ನ ಹೋಲಿಕೆಯ ನಿಯಮ ಬರೆದಿಡಬೇಕು: ಹಿಂದಿನ ತಿಂಗಳಿನೊಂದಿಗಲ್ಲ, ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಬೇಕು, ಮತ್ತು ನಡುವೆ ಹೊಸ ಪ್ರಯೋಗಾಲಯವೋ ಹೆಚ್ಚುವರಿ ತರಗತಿಯೋ ಸೇರಿದ್ದರೆ ಅದರ ಬಳಕೆಯನ್ನು ಬೇರೆ ಮೀಟರಿನಲ್ಲಿ ದಾಖಲಿಸಬೇಕು. ಒಂದು ವರ್ಷ ಹೀಗೆ ದಾಖಲಿಸಿದ ನಂತರ ಉಳಿಯುವ ಬೇಡಿಕೆಗೆ ತಕ್ಕಂತೆ ಸೌರಫಲಕದ ಅಳತೆಯನ್ನು ನಿರ್ಧರಿಸಿದರೆ, ಆರಂಭದಲ್ಲಿ ಅಂದಾಜಿಸಿದ್ದಕ್ಕಿಂತ ಚಿಕ್ಕ ಘಟಕವೇ ಸಾಕಾಗಬಹುದು.