ಕುಮಾರವ್ಯಾಸ ಮಿರ್ಚಿ ತಿಂದಿರಲಿಲ್ಲ: ಮಕ್ಕಳಿಗೆ ನಿಜದ ಪುಸ್ತಕ ಮಾಡಿದ ನನ್ನ ಅನುಭವ

ನಾನು ಧಾರವಾಡ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳಿಂದ ಮಕ್ಕಳಿಗೆ ಸಣ್ಣ ಸಣ್ಣ ಪುಸ್ತಕ ಮಾಡುತ್ತಿದ್ದೇನೆ. ಒಳಗೆ ಇರೋದೆಲ್ಲ ನಿಜ ಸಂಗತಿ, ಆದರೆ ಓದುವಾಗ ನಗು ಬರಬೇಕು, ಮುಂದಿನ ಪುಟ ತಿರುವಬೇಕು ಅನ್ನಿಸಬೇಕು. "ಹೆಂಗ ಮಾಡ್ತೀರಿ, ನಮಗೂ ಹೇಳ್ರಿ" ಅಂತ ಬೇರೆ ಶಾಲೆಯ ಶಿಕ್ಷಕರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ನಮ್ಮ ಶಾಲೆಯ ಕಪಾಟಿನಲ್ಲಿ ಕಥೆ ಪುಸ್ತಕ ಇವೆ, ಮಹಾಪುರುಷರ ಜೀವನ ಚರಿತ್ರೆ ಇವೆ, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಅಂತೂ ಬೇಕಾದಷ್ಟಿವೆ. ಆ ಪ್ರಶ್ನೋತ್ತರದ ಪುಸ್ತಕ ಮಕ್ಕಳು ಪರೀಕ್ಷೆಗೆ ಮಾತ್ರ ತೆಗೆಯುತ್ತಾರೆ, ಯಾಕಂದ್ರೆ ಅದರಲ್ಲಿ ಉತ್ತರ ಸಿಕ್ಕ ಕೂಡಲೇ ಮಾತು ಮುಗಿಯಿತು. ನನಗೆ ಬೇಕಾಗಿದ್ದು ಉತ್ತರ ಓದಿದ ಮೇಲೆ ಹುಡುಗ ಎದ್ದು ಅಡುಗೆಮನೆಗೋ ಗುಡಿ ಕಟ್ಟೆಗೋ ಓಡುವಂಥ ಪುಸ್ತಕ. ಹೀಗಾಗಿ ನಾನು ಒಂದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಓದಿದ್ದನ್ನು ಮಗು ಅವತ್ತೇ ಸಂಜೆ ಕೈಯಿಂದ ಮುಟ್ಟಿಯೋ, ಅಳೆದೋ, ಎಣಿಸಿಯೋ ನೋಡೋಕೆ ಆಗುತ್ತಾ? ಆಗಲ್ಲ ಅಂದ್ರೆ ಸಂಗತಿ ಎಷ್ಟೇ ಸೊಗಸಾಗಿರಲಿ, ಬಿಟ್ಟುಬಿಡುತ್ತೇನೆ.

ಊಟದ ತಟ್ಟೆಯಿಂದ ಶುರು ಮಾಡಿ, ಅದಕ್ಕಿಂತ ಸುಲಭ ಬೇರೆ ಇಲ್ಲ. ರೊಟ್ಟಿಯ ಜೋಳ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ. ಗುರೆಳ್ಳು ಚಟ್ನಿಯ ಗುರೆಳ್ಳು ಇಥಿಯೋಪಿಯಾದ ಕಡೆಯದು. ಶೇಂಗಾ ದಕ್ಷಿಣ ಅಮೆರಿಕದ್ದು, ಬಟಾಟಿಯೂ ಅಲ್ಲಿಯದೇ. ಬದನೆಕಾಯಿ ಮಾತ್ರ ನಮ್ಮದು. ಇನ್ನು ಮೆಣಸಿನಕಾಯಿ ಅಮೆರಿಕದಿಂದ ಬಂದದ್ದು. ಕೊಲಂಬಸ್ ಅಲ್ಲಿ ಮುಟ್ಟಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಆಮೇಲೆ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ಬಂತು. ಇದನ್ನು ಹೀಗೇ ಬರೆದರೆ ಯಾವ ಮಗುವಿಗೂ ಏನೂ ಅನ್ನಿಸಲ್ಲ. ಬದಲಿಗೆ "ಗದುಗಿನ ಕುಮಾರವ್ಯಾಸ ಜೀವಮಾನದಲ್ಲಿ ಒಂದು ಮಿರ್ಚಿ ತಿಂದಿರಲಿಲ್ಲ" ಅಂತ ಶುರು ಮಾಡಿದೆ. ತರಗತಿಯಲ್ಲಿ ಓದಿದಾಗ ಗಲಾಟೆಯೋ ಗಲಾಟೆ. "ಸುಳ್ಳ ಹೇಳ್ತೀರಿ ಅಕ್ಕೋರ! ಮತ್ತ ಖಾರಕ್ಕ ಏನ್ ಹಾಕ್ತಿದ್ರು?" ಕಾಳುಮೆಣಸು, ಶುಂಠಿ, ಹಿಪ್ಪಲಿ ಅಂದೆ. ಆಗ ತಾವೇ ಪಟ್ಟಿ ಮಾಡೋಕೆ ಕೂತರು: ಹಂಗಾರ ಅತ್ತಿಮಬ್ಬೆ? ಪುಲಕೇಶಿ? ಬಸವಣ್ಣ? ಯಾರೂ ತಿಂದಿಲ್ಲ! ಯಾರು ಮೊದಲು, ಯಾರು ಆಮೇಲೆ ಅಂತ ಇಸವಿಗಳನ್ನು ಇಷ್ಟು ಖುಷಿಯಿಂದ ಹುಡುಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ಸಂಜೆಯ ಕೆಲಸ. ಎರಡು ಬಟ್ಟಲು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಅವ್ವ ಬಿಸಿ ಮಾಡಿಕೊಟ್ಟ ಎಣ್ಣೆ. ಎರಡಕ್ಕೂ ಒಂದೊಂದು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಬೇಕು. ಎಣ್ಣೆ ಕೆಂಪಗಾಗುತ್ತದೆ, ನೀರಿಗೆ ಅಷ್ಟು ಬಣ್ಣ ಏರೋದಿಲ್ಲ. ಯಾಕಂದ್ರೆ ಆ ಕೆಂಪು ಕರಗುವುದು ಜಿಡ್ಡಿನಲ್ಲಿ. ಖಾರದ ಅಂಶವೂ ಹಾಗೇ, ಅದಕ್ಕೇ ಬಾಯಿ ಉರಿದಾಗ ನೀರು ಕುಡಿದ್ರೆ ಉಪಯೋಗ ಕಡಿಮೆ, ಮೊಸರು ತಿಂದ್ರೆ ತಂಪು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದ್ರೆ ಇದು ಈ ಊರಿನ ಕಡೆಯದೇ ಅನ್ನುವ ಸರಕಾರಿ ಗುರುತು, ಸಿಕ್ಕಿತು. ಅದರ ಹೆಸರಿರೋದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ ಅಂತ ಬರೆದಿದ್ದೆ. ಅದನ್ನು ಓದಿದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದು ನೋಡಬೇಕಿತ್ತು. ಇನ್ನೊಂದು, ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲ. ಗಿಳಿ ಮೆಣಸಿನಕಾಯಿ ಆರಾಮಾಗಿ ತಿನ್ನುತ್ತದಲ್ಲ, ಅದಕ್ಕೆ ಇದೇ ಕಾರಣ.

ದಿನಬಳಕೆಯ ವಸ್ತುಗಳಲ್ಲಿ ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ರಬ್ಬರ್. 1770ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಬ್ಬರ್ ತುಂಡು ಮಾರಾಟಕ್ಕೆ ಬರುವ ಮೊದಲು ಪೆನ್ಸಿಲ್ ಬರಹವನ್ನು ಬ್ರೆಡ್ಡಿನಿಂದ ಒರೆಸುತ್ತಿದ್ದರು. ಮರುದಿನ ಅರ್ಧ ತರಗತಿ ಬ್ರೆಡ್ಡು ತಂದಿತ್ತು. ಒಬ್ಬ ಮಹಾಶಯ ಕಟಕ್ ರೊಟ್ಟಿ ತಂದಿದ್ದ. ಕಾಗದ ಹರಿಯಿತು, ಬಿಡಿ.

ಇತಿಹಾಸಕ್ಕೆ ನಮ್ಮ ಕಡೆ ವೀರಗಲ್ಲಿಗಿಂತ ಒಳ್ಳೆಯ ವಸ್ತು ಇಲ್ಲ. ಹಾವೇರಿ, ಗದಗ ಕಡೆ ಎಷ್ಟೋ ಊರಿನ ಗುಡಿ ಮುಂದೆ ಒಂದಾದರೂ ನಿಂತಿರುತ್ತದೆ. ಮಕ್ಕಳು ಅದರ ಮೇಲೆ ಕೂತು ಆಡುತ್ತಾರೆ, ಏನು ಅಂತ ಗೊತ್ತಿರಲ್ಲ. ಅದು ಕೆಳಗಿನಿಂದ ಮೇಲಕ್ಕೆ ಓದುವ ಕಾಮಿಕ್ಸ್ ಇದ್ದ ಹಾಗೆ. ಕೆಳಗಿನ ಸಾಲಿನಲ್ಲಿ ಹೊಡೆದಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಮುಂದೆ ಅವನು, ತುದಿಯಲ್ಲಿ ಸೂರ್ಯ ಚಂದ್ರ. ಇದನ್ನು ಹೇಳಿಕೊಟ್ಟು, ನಿಮ್ಮೂರಿನ ಕಲ್ಲು ನೋಡಿ ಬನ್ನಿ ಅಂದರೆ ಸಾಕು. ಸೋಮವಾರ ನೂರು ಪ್ರಶ್ನೆ ತರುತ್ತಾರೆ: ದನ ಯಾಕ ಕೆತ್ತ್ಯಾರ, ಇವ ಕಳ್ಳನೋ ಕಾವಲಿನವನೋ. ಅದೇ ಪುಟದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೂ ಸೇರಿಸಿದೆ. ರಾಷ್ಟ್ರಕೂಟ ಮೂರನೇ ಕೃಷ್ಣ ಮೆಚ್ಚಿ ಏನು ಬೇಕು ಕೇಳು ಅಂದಾಗ ಮಣಲೇರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಿತು, ಅದಕ್ಕೆ ಸುಮಾರು ಕ್ರಿ.ಶ. 949ರಲ್ಲಿ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮಕ್ಕಳಿಗೆ ಮೂರನೇ ಕೃಷ್ಣ ಮರೆತು ಹೋಗುತ್ತಾನೆ, ಕಾಳಿ ಮರೆಯಲ್ಲ. ಇರಲಿ, ಕಾಳಿಯ ಬಾಲ ಹಿಡಿದುಕೊಂಡೇ ಕೃಷ್ಣ ಬರುತ್ತಾನೆ.

ಅಂಕಿ ಸಂಖ್ಯೆ ಬಂದಾಗ ಸುಮ್ನೆ ಬರೆಯಬಾರದು, ಮಗುವಿನ ಅಳತೆಗೆ ತರಬೇಕು. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ನಮ್ಮ ಆರನೇ ತರಗತಿಯವರ ಹೆಜ್ಜೆಯಲ್ಲಿ ಅದು ಸುಮಾರು ಮೂರು ಸಾವಿರ ಹೆಜ್ಜೆ. ಇಪ್ಪತ್ತನಾಲ್ಕು ಬೋಗಿಯ ಎರಡು ರೈಲು ಸಾಲಾಗಿ ನಿಂತರೂ ಜಾಗ ಉಳಿಯುತ್ತದೆ. ರಾಷ್ಟ್ರಧ್ವಜದ ಪುಟಕ್ಕೂ ಇದೇ ದಾರಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುತ್ತದೆ ಅಂತ ಹೇಳಿ, ಉದ್ದ ಅಗಲ 3:2 ಇದೆಯಾ, ಚಕ್ರದಲ್ಲಿ 24 ಕಡ್ಡಿ ಇವೆಯಾ ಅಂತ ಅಂಗಡಿಯ ಕಾಗದದ ಬಾವುಟದಲ್ಲಿ ಎಣಿಸೋಕೆ ಬಿಟ್ಟೆ. ದೊಡ್ಡವರ ತಪ್ಪು ಹಿಡಿಯೋದು ಅಂದ್ರೆ ಮಕ್ಕಳಿಗೆ ಹಬ್ಬ.

ಇಂಥ ಪುಸ್ತಕದ ದೊಡ್ಡ ಅಪಾಯ ಚಂದದ ಸುಳ್ಳು. ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ, ನ್ಯೂಟನ್ ತಲೆ ಮೇಲೆ ಸೇಬು ಬಿತ್ತು, ಇವೆಲ್ಲ ಎಲ್ಲ ಕಡೆ ಓಡಾಡುತ್ತವೆ. ಗೋಡೆ ಅಲ್ಲಿಂದ ಕಾಣಲ್ಲ. ಸೇಬು ಬಿದ್ದದ್ದನ್ನು ನ್ಯೂಟನ್ ತೋಟದಲ್ಲಿ ನೋಡಿದ್ದ, ತಲೆಗೆ ಪೆಟ್ಟಾಗಿರಲಿಲ್ಲ. ನಾನು ಎರಡು ಬೇರೆ ಬೇರೆ ಕಡೆ ನೋಡದೆ ಏನನ್ನೂ ಸೇರಿಸಲ್ಲ, ಮತ್ತು ಮೊಬೈಲಿಗೆ ಬಂದ ಸಂದೇಶವನ್ನು ಒಂದು ಕಡೆ ಅಂತ ಲೆಕ್ಕ ಹಿಡಿಯಲ್ಲ. ಜನ ಹೇಳುವ ಕಥೆಯನ್ನು "ಹೀಗೆ ಹೇಳುತ್ತಾರೆ" ಅಂತಲೇ ಬರೆಯುತ್ತೇನೆ. ಮಕ್ಕಳು ಅದಕ್ಕೇನೂ ಬೇಜಾರು ಮಾಡಿಕೊಳ್ಳಲ್ಲ.

ಅಚ್ಚಿನ ಕೆಲಸ ಗದಗಿನಲ್ಲಿ ಮಾಡಿಸುತ್ತೇನೆ. ಡೆಮಿ ಅಳತೆಯಲ್ಲಿ ಒಂದು ಫಾರಂ ಅಂದ್ರೆ ಹದಿನಾರು ಪುಟ, ನನ್ನ ಪುಸ್ತಕ ಎರಡು ಫಾರಂ. ಮೂವತ್ಮೂರನೇ ಪುಟ ಬಂದರೆ ಖರ್ಚು ಏರುತ್ತದೆ, ಆದ್ದರಿಂದ ಕತ್ತರಿ ಹಾಕುವುದು ಅನಿವಾರ್ಯ. ಮೊದಲು ಹೋಗೋದು ವಿಶೇಷಣಗಳು, ಆಮೇಲೆ ನನ್ನ ಉಪದೇಶ. ಒಳಗೆಲ್ಲ ಕಪ್ಪು ಬಿಳುಪು, ಮುಖಪುಟ ಮಾತ್ರ ಬಣ್ಣ, ನಡುವೆ ಪಿನ್ನು. "ಒಳಗೂ ಕಲರ್ ಮಾಡಿದ್ರ ಚಂದ ಕಾಣತೈತ್ರಿ ಅಕ್ಕೋರ, ರೊಕ್ಕ ಮಾತ್ರ ಭಾಳ ಆಗತೈತಿ" ಅಂದರು ಪ್ರೆಸ್ಸಿನವರು. ಚಿತ್ರ ಬರೆಯುವ ನಮ್ಮ ಡ್ರಾಯಿಂಗ್ ಸರ್ ಅದಕ್ಕೊಂದು ದಾರಿ ಕಂಡುಹಿಡಿದರು: ಬರೀ ಗೆರೆಯ ಚಿತ್ರ, ಬಣ್ಣ ಮಕ್ಕಳೇ ತುಂಬಬೇಕು. ಪ್ರೆಸ್ಸಿನಲ್ಲಿ ಸಾವಿರ ಪ್ರತಿ ಬೆಳಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುವುದನ್ನು ನೋಡುವಾಗ ಅದೇ ಜಿಲ್ಲೆಯ ಲಕ್ಕುಂಡಿ ನೆನಪಾಗುತ್ತದೆ. ಅಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ತಾಳೆಗರಿಯಲ್ಲಿ ಬರೆಸಿ ಹಂಚಿದ್ದಳು. ಅದನ್ನೂ ಪುಸ್ತಕದಲ್ಲಿ ಹಾಕಿದೆ. ಪಾಠದ ಒಂದು ಪುಟ ನಕಲು ಮಾಡಿ ಎಷ್ಟು ಹೊತ್ತು ಹಿಡಿಯಿತು ನೋಡಿ, ಸಾವಿರದಿಂದ ಗುಣಿಸಿ ಅಂತ.

ಅಚ್ಚಿಗೆ ಕೊಡುವ ಮೊದಲು ಜೆರಾಕ್ಸ್ ಪ್ರತಿಯನ್ನು ಐದನೇ ತರಗತಿಯವರ ಕೈಗೆ ಕೊಟ್ಟು ಸುಮ್ಮನೆ ಕೂರುತ್ತೇನೆ. ಎಲ್ಲಿ ಪಕ್ಕದವನನ್ನು ಕರೆದು ತೋರಿಸುತ್ತಾರೋ ಆ ಪುಟ ಗಟ್ಟಿ. ಎಲ್ಲಿ ಕಿಟಕಿ ಕಡೆ ನೋಡುತ್ತಾರೋ ಅದನ್ನು ತಿದ್ದುತ್ತೇನೆ. ಒಬ್ಬಳು ಕೇಳಿದಳು, "ಗಿಳಿಗೆ ಖಾರ ಹತ್ತೂದಿಲ್ಲಂದ್ರ ಕೋಳಿಗೂ ಹತ್ತೂದಿಲ್ಲೇನ್ರಿ?" ಹತ್ತುವುದಿಲ್ಲ. ಗಿಳಿಯ ಪಕ್ಕದಲ್ಲಿ ಕೋಳಿಯೂ ಬಂತು.

ಮುಂದಿನದು ನವಲಗುಂದದ ಜಮಖಾನದ ಬಗ್ಗೆ. ಅದರಲ್ಲಿ ಪಗಡೆ ಹಾಸಿನ ಚಿತ್ತಾರ ನೇಯುತ್ತಾರೆ. ನಡುವಿನ ಎರಡು ಪುಟದಲ್ಲಿ ಪಗಡೆ ಹಾಸನ್ನೇ ಅಚ್ಚು ಹಾಕಿಸಬೇಕು, ಮಕ್ಕಳು ಪುಸ್ತಕ ಬಿಚ್ಚಿಟ್ಟು ಆಡಬೇಕು ಅಂತ ಆಸೆ. ಪಿನ್ನು ಸರಿಯಾಗಿ ನಡುಮನೆಯಲ್ಲೇ ಬರುತ್ತದೆ. ಅದಕ್ಕೆ ಏನು ಮಾಡೋದು ಅಂತ ಪ್ರೆಸ್ಸಿನವರನ್ನು ಕೇಳಬೇಕು.